‘ದಾವಣಗೆರೆ’ ಎಂದು ಹುಡುಕಿದರೆ ಸಿಗದ ಚನ್ನಗಿರಿ: ಕಲಾ ಇತಿಹಾಸದ ಲೇಖನಗಳ ಶೋಧ

(ದತ್ತಿ ಉಪನ್ಯಾಸದ ಪರಿಷ್ಕೃತ ಲಿಖಿತ ರೂಪ)



ಇಂಥ ದತ್ತಿ ಉಪನ್ಯಾಸಗಳಲ್ಲಿ ಒಂದು ದೇವಾಲಯವನ್ನೋ ಒಂದು ಶಾಸನವನ್ನೋ ಕುರಿತು ಮಾತಾಡುವುದು ರೂಢಿ. ಅವುಗಳನ್ನು ಕುರಿತು ಈಗಾಗಲೇ ಬಂದಿರುವ ವಿದ್ವತ್ ಲೇಖನಗಳನ್ನು ಲೈಬ್ರರಿಯ ಡೇಟಾಬೇಸುಗಳಲ್ಲಿ ಹುಡುಕಿ ತೆಗೆಯುವುದು ಹೇಗೆ ಎಂಬುದನ್ನು ನಾನು ಇವತ್ತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲ್ಲೂಕಿನ ಈ ಉಬ್ರಾಣಿಯ ಸುತ್ತಮುತ್ತ ಕಲಾ ಇತಿಹಾಸದ ಸಾಮಗ್ರಿಗೆ ಬರವಿಲ್ಲ. ಇದೇ ತಾಲ್ಲೂಕಿನಲ್ಲಿ ಸಂತೇಬೆನ್ನೂರಿನ ಪುಷ್ಕರಿಣಿ ಇದೆ, ಬಸವಾಪಟ್ಟಣವಿದೆ, ಚನ್ನಗಿರಿಯ ಕೋಟೆ ಇದೆ. ಪಕ್ಕದ ತರೀಕೆರೆ ಸೀಮೆಯಲ್ಲಿ ಅಮೃತಾಪುರದ ಅಮೃತೇಶ್ವರ ದೇವಾಲಯ, ಉತ್ತರಕ್ಕೆ ಹರಿಹರ. ಭದ್ರೆಯ ನೀರನ್ನು ಎತ್ತಿ ಕೆರೆಗಳಿಗೆ ಹರಿಸುವ ಏತ ನೀರಾವರಿ ಯೋಜನೆಯೇ ಉಬ್ರಾಣಿ ಮತ್ತು ಅಮೃತಾಪುರ ಎರಡನ್ನೂ ಒಂದೇ ಹೆಸರಿನಲ್ಲಿ ಜೋಡಿಸಿದೆ. ಹೀಗಿದ್ದರೂ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿ ಡೇಟಾಬೇಸಿನಲ್ಲಿ ಊರಿನ ಹೆಸರು, ಜಿಲ್ಲೆಯ ಹೆಸರು ಹಾಕಿ ನೋಡಿ, ‘ನಮ್ಮ ಕಡೆಯ ಬಗ್ಗೆ ಯಾರೂ ಏನೂ ಬರೆದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾನೆ.

ಆ ತೀರ್ಮಾನ ಸರಿಯಲ್ಲ. ಡೇಟಾಬೇಸಿನಲ್ಲಿ ಉತ್ತರ ಬರದಿದ್ದರೆ ಆ ಸೂಚಿಯನ್ನು ಯಾರು, ಯಾವಾಗ, ಯಾವ ಹೆಸರಿನಲ್ಲಿ ಕಟ್ಟಿದರು ಎಂಬುದು ತಿಳಿಯುತ್ತದೆಯೇ ಹೊರತು ಸ್ಮಾರಕದ ಬಗ್ಗೆ ಏನೂ ತಿಳಿಯುವುದಿಲ್ಲ. ಸೂಚಿಗೂ ಒಂದು ಇತಿಹಾಸವಿದೆ. ಅದನ್ನು ಅರಿತವನಿಗೆ ಲೇಖನ ಸಿಗುತ್ತದೆ. ನನ್ನ ಮಾತಿನ ಸಾರ ಇಷ್ಟೆ. ಉಳಿದದ್ದು ಇದರ ವಿವರಣೆ.

1. ಗಡಿಗಳು ಬದಲಾದವು, ಸೂಚಿಗಳು ಬದಲಾಗಲಿಲ್ಲ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು, ಹರಿಹರ, ದಾವಣಗೆರೆ ಚಿತ್ರದುರ್ಗದಲ್ಲಿದ್ದವು. ಇಂದಿನ ನ್ಯಾಮತಿ ತಾಲ್ಲೂಕು ತೀರ ಈಚಿನದು, ಹಳೆಯ ದಾಖಲೆಗಳಲ್ಲಿ ಅದು ಹೊನ್ನಾಳಿಯೊಳಗೇ ಅಡಗಿದೆ. ನಮ್ಮ ಪ್ರದೇಶದ ಬಗೆಗಿನ ಅಡಿಪಾಯದ ಬರವಣಿಗೆಯೆಲ್ಲ 1997ಕ್ಕಿಂತ ಎಷ್ಟೋ ಹಿಂದೆ ಆಗಿಹೋಗಿದೆ. ಆದ್ದರಿಂದ ‘ದಾವಣಗೆರೆ ಜಿಲ್ಲೆಯ ವಾಸ್ತುಶಿಲ್ಪ’ ಎಂದು ಹುಡುಕುವವನಿಗೆ ಕಾಣುವುದು ಆ ವರ್ಷದ ನಂತರದ ಬರವಣಿಗೆ ಮಾತ್ರ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ವನ್ನೇ ನೋಡಿ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿ, ಶಿವಮೊಗ್ಗದ ಹೆಸರಿನಡಿ ಇವೆ. ಜಗಳೂರು ಮತ್ತು ದಾವಣಗೆರೆಯ ಶಾಸನಗಳು 1903ರ ಹನ್ನೊಂದನೆಯ ಸಂಪುಟದಲ್ಲಿ, ಚಿತ್ರದುರ್ಗದ ಹೆಸರಿನಡಿ ಇವೆ. ಆ ಕಾಲದ ಇಂಗ್ಲಿಷಿನಲ್ಲಿ ಚಿತ್ರದುರ್ಗ ‘ಚಿತಲ್‌ದ್ರೂಗ್’ ಆಗಿತ್ತು. ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಆ ಸಂಪುಟ ಮೇಲೇಳುವುದಿಲ್ಲ. ಉಬ್ರಾಣಿಯವರಿಗೆ ಅಮೃತಾಪುರ ನೆರೆಯೂರು. ಅದರ ಶಾಸನವಿರುವುದು ಮಾತ್ರ ಬೇರೆಯೇ ಸಂಪುಟದಲ್ಲಿ, ಇಂದಿನ ಚಿಕ್ಕಮಗಳೂರಾದ ಕಡೂರು ಜಿಲ್ಲೆಯ ಆರನೆಯ ಸಂಪುಟದಲ್ಲಿ.

ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ಗಡಿ ಮತ್ತಷ್ಟು ಗಟ್ಟಿಯಾಗುತ್ತದೆ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹಾಗಾಗಿ ಆ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ಮೈಸೂರಿನ ಪುರಾತತ್ವ ಇಲಾಖೆಯ ವರದಿಗಳಲ್ಲಿ ಹುಡುಕಿದರೆ ಸಿಗದು. ಮದರಾಸಿನ ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ಹೊರತಂದ ಗ್ರಂಥದಲ್ಲಿ ಅದು ಸಿಗುತ್ತದೆ. ತುಂಗಭದ್ರೆಯ ಆಚೆಗಿನ ಬೊಂಬಾಯಿ ಕರ್ನಾಟಕದ ದೇವಾಲಯಗಳಿಗೆ ಹೆನ್ರಿ ಕಸೆನ್ಸ್ ಅವರ 1926ರ ಗ್ರಂಥವನ್ನು ತೆರೆಯಬೇಕು. ಮೈಸೂರು ಸೀಮೆಗೆ ಆರ್. ನರಸಿಂಹಾಚಾರ್ಯರು, ಆರ್. ಶಾಮಶಾಸ್ತ್ರಿಗಳು, ಎಂ. ಎಚ್. ಕೃಷ್ಣ ಅವರು ನಿರ್ದೇಶಕರಾಗಿದ್ದ ಕಾಲದ ವಾರ್ಷಿಕ ವರದಿಗಳೇ ಗತಿ. ಒಂದೇ ಕಾಲದ, ಒಂದೇ ಶೈಲಿಯ, ಒಂದೆರಡು ದಿನದ ಹಾದಿಯಲ್ಲಿರುವ ಗುಡಿಗಳು ಮೂರು ಆಡಳಿತಗಳ ಮೂರು ಕಪಾಟುಗಳಿಗೆ ಹಂಚಿಹೋದವು.

ಇದರಿಂದ ಬರುವ ನಿಯಮ ಸರಳವಾಗಿದೆ. ಡೇಟಾಬೇಸಿಗೆ ಕೈಹಾಕುವ ಮೊದಲು, ನೀವು ಓದಹೊರಟ ಊರು 1900ರಲ್ಲಿ, 1950ರಲ್ಲಿ ಮತ್ತು ಇಂದು ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ಆಡಳಿತಕ್ಕೆ ಸೇರಿತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹುಡುಕಾಟ ಅಲ್ಲಿಂದ ಶುರುವಾಗಲಿ.

2. ಕಾಗುಣಿತ, ಶೈಲಿಯ ಹೆಸರು, ಶಾಸನದ ಸಂಖ್ಯೆ

ಸಂತೆಯಲ್ಲಿ ಹೆಸರು ತಪ್ಪಿ ಕೂಗಿದರೆ ಪಕ್ಕದಲ್ಲೇ ಇದ್ದವನೂ ತಿರುಗಿ ನೋಡುವುದಿಲ್ಲ. ಡೇಟಾಬೇಸಿನ ಸ್ವಭಾವವೂ ಅಂಥದೇ. ಸಂತೇಬೆನ್ನೂರನ್ನು ರೋಮನ್ ಲಿಪಿಯಲ್ಲಿ ಒಂದೇ ಪದವಾಗಿ ಬರೆದವರಿದ್ದಾರೆ, ಎರಡು ಪದವಾಗಿ ಬರೆದವರಿದ್ದಾರೆ, ‘ಟಿ’ಯ ನಂತರ ‘ಎಚ್’ ಸೇರಿಸಿದವರೂ ಇದ್ದಾರೆ. ಚನ್ನಗಿರಿಯ ಮೊದಲ ಸ್ವರ ಕೆಲವರಲ್ಲಿ ‘ಎ’, ಕೆಲವರಲ್ಲಿ ‘ಇ’. ಅಮೃತಾಪುರದ ‘ಋ’ಕಾರವನ್ನು ‘ರಿ’ ಎಂದೂ ‘ರು’ ಎಂದೂ ಬರೆಯುತ್ತಾರೆ. ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆ ನಮಗೆ ಬೇಡ, ಎಲ್ಲವನ್ನೂ ಹಾಕಬೇಕು. ‘ಆರ್’ ಎಂಬ ಜೋಡಕವಿಟ್ಟು ಆ ರೂಪಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೊಡಬಹುದು. ಪದದ ಕೊನೆ ಬದಲಾಗುವಲ್ಲಿ ಮೂಲರೂಪ ಬರೆದು ನಕ್ಷತ್ರ ಚಿಹ್ನೆ ಹಾಕಬಹುದು. ಎರಡು ಪದದ ಹೆಸರಿದ್ದರೆ ಉದ್ಧರಣ ಚಿಹ್ನೆಯೊಳಗಿಡಬೇಕು. ಇಲ್ಲವಾದರೆ ‘ಸಂತೆ’ಯೆಲ್ಲ ಬಂದು ಬೀಳುತ್ತದೆ.

ಇದಕ್ಕೆ ಯಂತ್ರ ಮಾಡುವ ತಪ್ಪುಗಳೂ ಸೇರುತ್ತವೆ. ಹಳೆಯ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶದಿಂದ ಓದಿಸಿದಾಗ ‘ಹೊಯ್ಸಳ’ದ ‘ಳ’ಕಾರಕ್ಕೆ ವಿದ್ವಾಂಸರು ‘ಎಲ್’ ಕೆಳಗೆ ಹಾಕಿದ ಚುಕ್ಕೆಯನ್ನು ಯಂತ್ರ ಕಸವೆಂದೋ ಬೇರೆ ಚಿಹ್ನೆಯೆಂದೋ ಓದುತ್ತದೆ. ಅದೇ ಲೇಖನದಲ್ಲಿರುವ ‘ಬಲ್ಲಾಳ’ನೂ ಹಾಗೇ ಕಳೆದುಹೋಗುತ್ತಾನೆ. ಚುಕ್ಕೆ ಗೆರೆಗಳಿಲ್ಲದ ಪದಗಳನ್ನು, ಉದಾಹರಣೆಗೆ ‘ಮೈಸೂರು’, ‘ದೇವಾಲಯ’, ‘ಶಿಲ್ಪಿ’ ಎಂಬುವುಗಳ ಇಂಗ್ಲಿಷ್ ರೂಪಗಳನ್ನು ಜೊತೆಗಿಟ್ಟು ಹುಡುಕಿದರೆ ಅಂಥ ಲೇಖನಗಳು ಬಲೆಗೆ ಬೀಳುತ್ತವೆ.

ಶೈಲಿಯ ಹೆಸರುಗಳದ್ದು ಇನ್ನೊಂದು ತೊಡಕು. ಜೇಮ್ಸ್ ಫರ್ಗುಸನ್ 1876ರ ತನ್ನ ವಾಸ್ತುಶಿಲ್ಪ ಇತಿಹಾಸದಲ್ಲಿ ಇಂದು ನಾವು ಹೊಯ್ಸಳ ಎನ್ನುವುದನ್ನೂ ‘ಚಾಲುಕ್ಯ ಶೈಲಿ’ಯೊಳಗೇ ಸೇರಿಸಿದ್ದ. ಆ ರೂಢಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಡೆಯಿತು. ಮುಂದೆ ‘ಕಲ್ಯಾಣದ ಚಾಲುಕ್ಯ’, ‘ಪಶ್ಚಿಮ ಚಾಲುಕ್ಯ’, ‘ಉತ್ತರಕಾಲೀನ ಚಾಲುಕ್ಯ’ ಎಂಬ ಹೆಸರುಗಳು ಬಂದವು. ಕೆಲವರಿಗೆ ಅದೇ ‘ವೇಸರ’. ಏಡಂ ಹಾರ್ಡಿ 1995ರ ಗ್ರಂಥದಲ್ಲಿ ಏಳರಿಂದ ಹದಿಮೂರನೆಯ ಶತಮಾನದವರೆಗಿನ ಇಡೀ ಪರಂಪರೆಯನ್ನು ‘ಕರ್ಣಾಟ ದ್ರಾವಿಡ’ ಎಂದು ಕರೆದರು. 1890ರ ಲೇಖನ ಬೇಕಿದ್ದರೆ 1890ರ ಹೆಸರು ಹಾಕಬೇಕು, 1995ರ ನಂತರದ್ದು ಬೇಕಿದ್ದರೆ ಆ ಕಾಲದ ಹೆಸರು. ಹೀಗೆ ಹೆಸರುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಂಡವನಿಗೆ ಕಲಾ ಇತಿಹಾಸದ ಚಿಂತನೆ ಬೆಳೆದ ಹಾದಿಯೂ ಹುಡುಕಾಟದ ಜೊತೆಗೇ ಸಿಗುತ್ತದೆ.

ಇಷ್ಟೆಲ್ಲ ತೊಡಕಿನ ನಡುವೆ ಬದಲಾಗದ ಒಂದು ಕೀಲಿಪದವಿದೆ: ಶಾಸನದ ಸಂಖ್ಯೆ. ಅಮೃತಾಪುರದ ಶಾಸನ ರೈಸ್ ಅವರ ಕ್ರಮದಲ್ಲಿ ‘ತರೀಕೆರೆ 45’. ಊರಿನ ಹೆಸರನ್ನು ಯಾರು ಹೇಗೇ ಬರೆಯಲಿ, ಆ ಗುಡಿಯ ಬಗ್ಗೆ ಗಂಭೀರವಾಗಿ ಬರೆದವರ ಅಡಿಟಿಪ್ಪಣಿಯಲ್ಲಿ ತರೀಕೆರೆಯ ಸಂಕ್ಷೇಪಾಕ್ಷರ ಮತ್ತು ಆ ಅಂಕೆ ಇರುವ ಸಂಭವ ಹೆಚ್ಚು. ಪೂರ್ಣಪಠ್ಯದಲ್ಲಿ ಹುಡುಕುವ ಸೌಲಭ್ಯವಿರುವ ಕಡೆ ಇದನ್ನೇ ಮೊದಲು ಹಾಕಿ. ಆ ಶಾಸನವನ್ನು ರಚಿಸಿದವನು ಕವಿ ಜನ್ನ. ಹಾಗಾಗಿ ಇದೇ ಸಂಖ್ಯೆ ನಿಮ್ಮನ್ನು ಸಾಹಿತ್ಯ ಚರಿತ್ರೆಯ ಲೇಖನಗಳಿಗೂ ಒಯ್ಯುತ್ತದೆ. ಕಲೆಯ ವಿಭಾಗದಲ್ಲಷ್ಟೇ ಹುಡುಕಿದವನಿಗೆ ಆ ದಾರಿ ಕಾಣುವುದಿಲ್ಲ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬೇರೆಯಾಗಿವೆ. ಆದ್ದರಿಂದ ಹಳೆಯದು, ಹೊಸದು ಎರಡನ್ನೂ ಗುರುತು ಹಾಕಿಕೊಳ್ಳಬೇಕು.

3. ಯಾವ ಕೋಶದಲ್ಲಿ ಏನಿದೆ

ಕಲಾ ಇತಿಹಾಸಕ್ಕೆಂದೇ ಇರುವ ಪ್ರಸಿದ್ಧ ಸೂಚಿ ಗೆಟ್ಟಿ ಸಂಸ್ಥೆಯ ಕಲಾ ಇತಿಹಾಸ ಗ್ರಂಥಸೂಚಿ. 1975ರಿಂದ 2007ರವರೆಗಿನ ಬರವಣಿಗೆಯನ್ನು ಒಳಗೊಂಡ ಇದು 2010ರಿಂದ ಎಲ್ಲರಿಗೂ ಉಚಿತ. ‘ಕಲಾ ಇತಿಹಾಸ’ ಎಂಬ ಹೆಸರನ್ನು ನಂಬಿ ಅಲ್ಲಿಗೆ ಹೋದರೆ ಹೊಯ್ಸಳರು ಕೈಗೆ ಸಿಗುವುದಿಲ್ಲ, ಏಕೆಂದರೆ ಅದರ ವ್ಯಾಪ್ತಿ ಪಾಶ್ಚಾತ್ಯ ಕಲೆ. ನಮ್ಮ ಗುಡಿಗಳ ಲೇಖನಗಳು ಅಲ್ಲಿಲ್ಲದಿರುವುದು ಆ ಸೂಚಿಯನ್ನು ಕಟ್ಟಿದವರು ಹಾಕಿಕೊಂಡ ಎಲ್ಲೆಯ ಫಲ. ಭಾರತೀಯ ಕಲೆಯನ್ನು ಬಹುಕಾಲ ಏಷ್ಯಾ ಅಧ್ಯಯನ, ಪುರಾತತ್ವ, ಧರ್ಮ ಎಂಬ ವಿಭಾಗಗಳಲ್ಲಿ ಇಟ್ಟಿದ್ದರಿಂದ ನಾವೂ ಅಲ್ಲಿಗೇ ಹೋಗಬೇಕು.

ನಮಗೆ ನಿಜವಾಗಿ ಬೇಕಾದ ಸೂಚಿ ಹಾಲೆಂಡಿನ ಲೈಡನ್ನಿನಲ್ಲಿ ಹುಟ್ಟಿತು. ಅಲ್ಲಿನ ಕೆರ್ನ್ ಸಂಸ್ಥೆಯಲ್ಲಿ ಜೆ. ಫಿ. ಫೋಗೆಲ್ ಅವರು ಭಾರತೀಯ ಪುರಾತತ್ವದ ವಾರ್ಷಿಕ ಗ್ರಂಥಸೂಚಿಯನ್ನು ಆರಂಭಿಸಿದರು. 1926ನೆಯ ಸಾಲಿನ ಬರವಣಿಗೆಯನ್ನು ಪಟ್ಟಿಮಾಡಿದ ಮೊದಲ ಸಂಪುಟ 1928ರಲ್ಲಿ ಹೊರಬಂತು. ಮುಂದೆ 1997ರಲ್ಲಿ ‘ಅಬಿಯಾ’ ಎಂಬ ಸಂಕ್ಷಿಪ್ತ ಹೆಸರಿನಲ್ಲಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಲೆ ಹಾಗೂ ಪುರಾತತ್ವದ ಸೂಚಿಯಾಗಿ ಆ ಕೆಲಸ ಹೊಸದಾಗಿ ಚಿಗುರಿತು. ಪೂರ್ಣ ಲೇಖನ ಕೊಡುವ ಕೋಶಗಳಿಗೆ ಒಗ್ಗಿಹೋದ ಇಂದಿನ ವಿದ್ಯಾರ್ಥಿಗೆ ಇಂಥ ಸೂಚಿ ಒಣಪಟ್ಟಿಯಂತೆ ಕಾಣಬಹುದು. ಆದರೆ ತಿಳಿದವರು ಕೂತು ವಿಷಯವಾರು ವಿಂಗಡಿಸಿದ ಪಟ್ಟಿಯಲ್ಲಿ ಕಾಗುಣಿತದ ತೊಡಕು ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ.

ಪೂರ್ಣಪಠ್ಯಕ್ಕೆ ಮೊದಲ ಬಾಗಿಲು 1995ರಲ್ಲಿ ಆರಂಭವಾದ ಜೇಸ್ಟೋರ್. 1925ರಿಂದ ಬರುತ್ತಿರುವ ‘ಆರ್ಟಿಬುಸ್ ಏಷ್ಯೆ’, 1954ರಿಂದ ಬರುತ್ತಿರುವ ‘ಆರ್ಸ್ ಓರಿಯೆಂಟಾಲಿಸ್’, ರೋಮಿನ ‘ಈಸ್ಟ್ ಅಂಡ್ ವೆಸ್ಟ್’, ಇಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು ಅಲ್ಲಿವೆ. ಹೊಸ ಸಂಚಿಕೆಗಳು ಕೆಲವು ವರ್ಷಗಳ ಅಂತರವಿಟ್ಟು ಸೇರುತ್ತವೆ. ಆದ್ದರಿಂದ ತೀರ ಈಚಿನ ಲೇಖನ ಅಲ್ಲಿಲ್ಲವೆಂದರೆ ಅದನ್ನು ಯಾರೂ ಬರೆದೇ ಇಲ್ಲವೆಂದು ತಿಳಿಯಬೇಡಿ. ಯಾವ ಸಂಸ್ಥೆಯ ಚಂದಾ ಇಲ್ಲದವರೂ ಸ್ವಂತ ಖಾತೆ ತೆರೆದು ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ಅದೇ ತಾಣದಲ್ಲಿರುವ ದಕ್ಷಿಣ ಏಷ್ಯಾ ಮುಕ್ತ ಸಂಗ್ರಹವನ್ನು ಓದಲು ಮಿತಿಯೂ ಇಲ್ಲ, ಹಣವೂ ಬೇಡ.

ಎರಡನೆಯದು ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಇದಕ್ಕೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ತೆರೆದುಕೊಂಡವು. ವಿಜ್ಞಾನದವರಷ್ಟೇ ಇದನ್ನು ಬಳಸಬೇಕೆಂದಿಲ್ಲ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ, ಲಾಗಿನ್ ಪಡೆದುಕೊಳ್ಳಿ.

ಮೂರನೆಯದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’. ಪಿಎಚ್.ಡಿ. ಪ್ರಬಂಧಗಳ ಈ ಸಂಗ್ರಹಕ್ಕೆ ಕರ್ನಾಟಕದ ವಿಶ್ವವಿದ್ಯಾಲಯಗಳೂ ಪ್ರಬಂಧಗಳನ್ನು ಸೇರಿಸುತ್ತವೆ. ಪ್ರಬಂಧವನ್ನು ಪ್ರಮಾಣವೆಂದು ಉಲ್ಲೇಖಿಸುವ ಮೊದಲು ಎಚ್ಚರ ಬೇಕು. ಆದರೆ ಅದರ ಕೊನೆಯ ಗ್ರಂಥಸೂಚಿ ಮಾತ್ರ ಚಿನ್ನ, ಏಕೆಂದರೆ ಒಬ್ಬರು ವರ್ಷಗಟ್ಟಲೆ ಅಲೆದು ಕೂಡಿಹಾಕಿದ ಕನ್ನಡ ಲೇಖನಗಳ ಪಟ್ಟಿ ಅಲ್ಲಿರುತ್ತದೆ. ನಾಲ್ಕನೆಯದು ಇಂಟರ್ನೆಟ್ ಆರ್ಕೈವ್. 1872ರಲ್ಲಿ ಜೇಮ್ಸ್ ಬರ್ಜೆಸ್ ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’, ‘ಎಪಿಗ್ರಾಫಿಯ ಕರ್ನಾಟಿಕ’, ಮೈಸೂರು ಪುರಾತತ್ವ ವರದಿಗಳು, ಇವುಗಳ ಸ್ಕ್ಯಾನ್ ಪ್ರತಿಗಳಿಗೆ ಅದೇ ಆಸರೆ.

ಚಿತ್ರಗಳಿಲ್ಲದೆ ಕಲಾ ಇತಿಹಾಸವಿಲ್ಲ. ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಕಲೆ ಮತ್ತು ಪುರಾತತ್ವ ಕೇಂದ್ರದ ಛಾಯಾಚಿತ್ರ ಸಂಗ್ರಹವನ್ನು ಊರು, ಗುಡಿಗಳ ಹೆಸರಿನಿಂದ ನೋಡಬಹುದು. ದೇವಾಲಯ ವಾಸ್ತುಶಿಲ್ಪದ ವಿಶ್ವಕೋಶ ಸಂಪುಟಗಳನ್ನು ಹೊರತಂದದ್ದೂ ಅದೇ ಸಂಸ್ಥೆ.

4. ಮಲ್ಲಿತಮ್ಮನನ್ನು ಹುಡುಕುವುದು

ಈಗ ಒಂದು ನಿಜವಾದ ಪ್ರಶ್ನೆಯನ್ನು ಹಿಡಿಯೋಣ. ಅಮೃತಾಪುರದ ಅಮೃತೇಶ್ವರ ದೇವಾಲಯ ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ಕಾಲದ್ದು, 1196ರದ್ದು. ಕಟ್ಟಿಸಿದವನು ಅಮೃತೇಶ್ವರ ದಂಡನಾಯಕ. ರೂವಾರಿ, ಎಂದರೆ ಶಿಲ್ಪಿ, ಮಲ್ಲಿತಮ್ಮನ ವೃತ್ತಿ ಇಲ್ಲಿಂದ ಆರಂಭವಾಯಿತೆಂದು ಬರೆಯುವುದು ವಾಡಿಕೆ. 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಿ ಬೈಚೋಜನೆಂಬ ಶಿಲ್ಪಿಯ ಜೊತೆಗೆ ಅವನ ಹೆಸರಿದೆ. 1268ರ ಸೋಮನಾಥಪುರದ ವಿಗ್ರಹಪೀಠಗಳಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಮೊದಲಿನಿಂದ ಕೊನೆಗೆ 72 ವರ್ಷ. ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದನೇ? ಒಂದೇ ಹೆಸರಿನ ಇಬ್ಬರಿದ್ದರೇ? ಅಥವಾ ಅದು ಒಂದು ಕಾರ್ಯಶಾಲೆಯ ಹೆಸರೇ?

ಇಡೀ ಪ್ರಶ್ನೆಯನ್ನು ಡೇಟಾಬೇಸಿಗೆ ಕೊಟ್ಟರೆ ಪ್ರಯೋಜನವಿಲ್ಲ. ಅದನ್ನು ಮೂರು ಗುಂಪಾಗಿ ಒಡೆಯಬೇಕು. ಮೊದಲನೆಯದು ವ್ಯಕ್ತಿ: ಮಲ್ಲಿತಮ್ಮನ ಹೆಸರಿನ ಎಲ್ಲ ರೋಮನ್ ಕಾಗುಣಿತಗಳು, ಜೊತೆಗೆ ‘ರೂವಾರಿ’. ಎರಡನೆಯದು ಸ್ಥಳ: ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರ. ಮೂರನೆಯದು ಪರಿಕಲ್ಪನೆ: ಶಿಲ್ಪಿಯ ಸಹಿ, ಕಲಾವಿದನ ಗುರುತು, ಕಾರ್ಯಶಾಲೆ, ಶ್ರೇಣಿ. ಪ್ರತಿ ಗುಂಪಿನೊಳಗೆ ‘ಆರ್’, ಗುಂಪು ಗುಂಪಿನ ನಡುವೆ ‘ಅಂಡ್’. ಮೊದಲು ಒಂದನೆಯ ಮತ್ತು ಮೂರನೆಯ ಗುಂಪುಗಳನ್ನಷ್ಟೇ ಜೋಡಿಸಿ ನೋಡಿ. ಫಲ ಕಡಿಮೆಯಾದರೆ ವ್ಯಕ್ತಿಯನ್ನು ಕೈಬಿಟ್ಟು ‘ಹೊಯ್ಸಳ’ ಮತ್ತು ‘ಸಹಿ’ ಎಂದು ಅಗಲ ಮಾಡಿ.

ಆಗ ಕಾಣುವುದು ವಿದ್ವತ್ ಬರವಣಿಗೆಯ ಒಂದು ವಂಶಾವಳಿ. ಸೋಮನಾಥಪುರದ ವಿಗ್ರಹಗಳ ಮೇಲಿನ ಹೆಸರುಗಳನ್ನು ನರಸಿಂಹಾಚಾರ್ಯರು 1917ರ ತಮ್ಮ ಕೇಶವ ದೇವಾಲಯದ ಕಿರುಗ್ರಂಥದಲ್ಲಿ ಪಟ್ಟಿ ಮಾಡಿದರು. ಎಸ್. ಶ್ರೀಕಂಠಶಾಸ್ತ್ರಿಗಳ ‘ಹೊಯ್ಸಳ ವಾಸ್ತುಶಿಲ್ಪ’ 1965ರದ್ದು. ಹೊಯ್ಸಳ ಕಲಾವಿದರ ಗುರುತು ಮತ್ತು ಶೈಲಿಗಳನ್ನೇ ವಸ್ತುವಾಗಿಟ್ಟುಕೊಂಡ ಕೆಲೆಸನ್ ಕೊಲಿಯರ್ ಅವರ ಗ್ರಂಥ 1990ರಲ್ಲಿ ಮೈಸೂರಿನಿಂದ ಹೊರಬಂತು. 1992ರಲ್ಲಿ ಷ. ಶೆಟ್ಟರ್ ಅವರ ಹೊಯ್ಸಳ ದೇವಾಲಯಗಳ ಬೃಹತ್ ಕೃತಿ ಬಂತು. ಗ್ರಂಥ ಕೈಗೆ ಸಿಗದಿದ್ದರೆ ಪತ್ರಿಕೆಗಳಲ್ಲಿ ಬಂದ ಅದರ ವಿಮರ್ಶೆಯನ್ನು ಓದಿ. ಎರಡು ಪುಟದ ವಿಮರ್ಶೆಯಲ್ಲೇ ವಾದದ ಸಾರವೂ ಅದರ ದುರ್ಬಲ ಕೀಲೂ ಕಾಣುತ್ತವೆ. ನಮ್ಮ ವಿದ್ಯಾರ್ಥಿಗಳು ವಿಮರ್ಶೆಗಳನ್ನು ಫಲಿತಾಂಶದಿಂದ ಸೋಸಿ ಹಾಕಿಬಿಡುವುದು ದೊಡ್ಡ ನಷ್ಟ.

ಒಂದು ಒಳ್ಳೆಯ ಲೇಖನ ಸಿಕ್ಕಮೇಲೆ ಎರಡು ದಿಕ್ಕಿಗೆ ನಡೆಯಬೇಕು. ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋದರೆ ಆ ಲೇಖಕ ಯಾರನ್ನು ಓದಿದ್ದ ಎಂದು ತಿಳಿಯುತ್ತದೆ. ಗೂಗಲ್ ಸ್ಕಾಲರಿನಲ್ಲಿ ‘ಉಲ್ಲೇಖಿಸಿದವರು’ ಎಂಬ ಕೊಂಡಿ ಒತ್ತಿ ಮುಂದಕ್ಕೆ ಹೋದರೆ ಅವನನ್ನು ಯಾರು ಓದಿದರು, ಯಾರು ಖಂಡಿಸಿದರು ಎಂದು ತಿಳಿಯುತ್ತದೆ. ಪೋಷಕನ ಹೆಸರಿನಿಂದ ಅಡ್ಡಕ್ಕೂ ನಡೆಯಬಹುದು. ಸೋಮನಾಥಪುರವನ್ನು ಕಟ್ಟಿಸಿದ ಸೋಮ ದಂಡನಾಯಕನೇ 1268ರಲ್ಲಿ ಹರಿಹರದಲ್ಲಿ, ಪೋಲಾಳ್ವ ದಂಡನಾಥ 1224ರ ಸುಮಾರಿಗೆ ಕಟ್ಟಿಸಿದ್ದ ದೇವಾಲಯಕ್ಕೆ ಸೇರ್ಪಡೆ ಮಾಡಿಸಿದ. ಹೀಗೆ ಕಾವೇರಿ ದಂಡೆಯ ಒಂದು ಗುಡಿಯ ಲೇಖನ ತುಂಗಭದ್ರೆಯ ದಂಡೆಗೆ ದಾರಿ ತೋರಿಸುತ್ತದೆ.

5. ಸಂತೇಬೆನ್ನೂರು: ನೇರವಾಗಿ ಸಿಗದಿದ್ದಾಗ

ಮಲ್ಲಿತಮ್ಮನ ಬಗ್ಗೆ ಬರೆದವರು ಹಲವರಿದ್ದಾರೆ. ಸಂತೇಬೆನ್ನೂರಿನ ಪುಷ್ಕರಿಣಿಯ ಕತೆ ಬೇರೆ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದನೆಂಬ ಈ ಕೊಳದ ನಡುವೆ ಗೋಪುರದಂಥ ಮಂಟಪವಿದೆ, ಸುತ್ತ ಸಣ್ಣ ಮಂಟಪಗಳಿವೆ. ದಡದಲ್ಲಿರುವ ಮುಸಾಫಿರ್‌ಖಾನೆಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರು ಅಂಟಿಕೊಂಡಿದೆ. ಮಂಟಪಗಳ ಕಮಾನು, ಗಾರೆಗೆಲಸಗಳಲ್ಲಿ ಸುಲ್ತಾನರ ವಾಸ್ತುವಿನ ಛಾಯೆ ಎದ್ದು ಕಾಣುತ್ತದೆ. ಒಬ್ಬ ಪಾಳೆಯಗಾರನ ಕೊಳಕ್ಕೆ ಆ ಕಮಾನು ಹೇಗೆ ಬಂತು ಎಂಬುದು ಸೊಗಸಾದ ಸಂಶೋಧನ ಪ್ರಶ್ನೆ. ಆದರೆ ಊರಿನ ಹೆಸರು ಹಾಕಿ ಹುಡುಕಿದರೆ ಪ್ರವಾಸಿ ಬರಹಗಳೇ ಹೆಚ್ಚು ಬರುತ್ತವೆ.

ಇಲ್ಲಿ ಹೋಲಿಕೆಯ ಹುಡುಕಾಟ ಬೇಕು. ಇದೇ ಸಮಸ್ಯೆಯನ್ನು ವಿದ್ವಾಂಸರು ಬೇರೆ ಸ್ಮಾರಕದಲ್ಲಿ ಎಲ್ಲಿ ಚರ್ಚಿಸಿದ್ದಾರೆ? ಹಂಪಿಯ ಕಮಲ ಮಹಲು, ರಾಣಿಯ ಸ್ನಾನಗೃಹ, ಆನೆಲಾಯಗಳ ಚರ್ಚೆಯಲ್ಲಿ. ಫಿಲಿಪ್ ವ್ಯಾಗನರ್ 1996ರಲ್ಲಿ ‘ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ನಲ್ಲಿ ಬರೆದ ಲೇಖನ ವಿಜಯನಗರದ ಅರಸರು ಸುಲ್ತಾನರ ಬಿರುದು, ಉಡುಪುಗಳನ್ನು ತಮ್ಮದಾಗಿಸಿಕೊಂಡ ಬಗೆಯನ್ನು ವಿಶ್ಲೇಷಿಸುತ್ತದೆ. ಕಟ್ಟಡದ ಮಾತು ಅದರ ಕೇಂದ್ರವಲ್ಲ, ಆದರೂ ‘ಹಿಂದೂ ಶೈಲಿ, ಮುಸ್ಲಿಂ ಶೈಲಿ’ ಎಂಬ ಸಲೀಸಾದ ವಿಂಗಡಣೆಯನ್ನು ಅದು ಅಲುಗಾಡಿಸುತ್ತದೆ. ಜಾರ್ಜ್ ಮಿಷೆಲ್ ಅವರ 1995ರ ದಕ್ಷಿಣ ಭಾರತದ ಕಲೆ ಮತ್ತು ವಾಸ್ತುಶಿಲ್ಪದ ಗ್ರಂಥ ನಾಯಕರ ಕಾಲದ ಹಿನ್ನೆಲೆ ಕೊಡುತ್ತದೆ. ರಿಚರ್ಡ್ ಈಟನ್ ಮತ್ತು ವ್ಯಾಗನರ್ ಅವರ 2014ರ ಕೃತಿ ಕಲ್ಯಾಣ, ರಾಯಚೂರು, ವಾರಂಗಲ್ಲುಗಳನ್ನು ಹಿಡಿದು, ಅಧಿಕಾರ ಬದಲಾದಾಗ ಕಟ್ಟಡಗಳಿಗೆ ಏನಾಯಿತು ಎಂದು ನೋಡುತ್ತದೆ. ಕೊಳ ಮತ್ತು ಮುಸಾಫಿರ್‌ಖಾನೆ ಅಕ್ಕಪಕ್ಕ ನಿಂತಿರುವ ಸಂತೇಬೆನ್ನೂರಿಗೆ ಈ ಮೂರೂ ಬೇಕು.

ಕೀಲಿಪದವನ್ನು ಕಟ್ಟಡದ ಜಾತಿಗೆ ತಕ್ಕಂತೆಯೂ ಬದಲಿಸಬೇಕು. ನಾವು ಪುಷ್ಕರಿಣಿ, ಕಲ್ಯಾಣಿ, ಹೊಂಡ ಎನ್ನುವುದು ಇಂಗ್ಲಿಷ್ ಸೂಚಿಗಳಲ್ಲಿ ‘ಟ್ಯಾಂಕ್’ ಎಂದಾಗುತ್ತದೆ, ಕೆಲವೊಮ್ಮೆ ‘ಸ್ಟೆಪ್‌ವೆಲ್’ ಎಂದಾಗುತ್ತದೆ. ಬರಿಯ ‘ಟ್ಯಾಂಕ್’ ಎಂದರೆ ಸೂಳೆಕೆರೆಯಂಥ ನೀರಾವರಿ ಕೆರೆಗಳೆಲ್ಲ ಬರುತ್ತವೆ. ಅದರ ಜೊತೆಗೆ ದೇವಾಲಯ, ಮಂಟಪ, ನಾಯಕ ಎಂಬ ಪದಗಳನ್ನು ಸೇರಿಸಿದರೆ ರಾಶಿ ಕರಗುತ್ತದೆ.

6. ಕನ್ನಡದಲ್ಲಿ ಬರೆದದ್ದು ಎಲ್ಲಿದೆ?

ಇಲ್ಲಿಯವರೆಗೆ ಹೇಳಿದ ಕೋಶಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಆದರೆ ನಮ್ಮ ಸಣ್ಣ ಊರುಗಳ ಗುಡಿ, ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ ಬರೆದವರು ಬಹುಪಾಲು ಕನ್ನಡದಲ್ಲೇ ಬರೆದಿದ್ದಾರೆ. ‘ಪರಿಷತ್ಪತ್ರಿಕೆ’, ‘ಪ್ರಬುದ್ಧ ಕರ್ಣಾಟಕ’, ‘ಮಾನವಿಕ ಕರ್ನಾಟಕ’, ‘ಕರ್ನಾಟಕ ಭಾರತಿ’, ಕರ್ನಾಟಕ ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’, ಇವು ಆ ಬರಹಗಳ ಮನೆಗಳು. ಇವುಗಳ ಜೊತೆಗೆ ಕನ್ನಡದ ವಿಶೇಷವಾದ ಇನ್ನೊಂದು ಮನೆಯಿದೆ: ಅಭಿನಂದನ ಗ್ರಂಥ. 1941ರ ‘ಸಂಭಾವನೆ’ಯಿಂದ 1973ರ ‘ಶ್ರೀಕಂಠಿಕಾ’ದವರೆಗೆ, ಅಲ್ಲಿಂದ ಇಂದಿನವರೆಗೆ, ಗುರುಗಳ ಗೌರವಕ್ಕೆಂದು ಬಂದ ಸಂಪುಟಗಳಲ್ಲಿ ಅಪರೂಪದ ಲೇಖನಗಳು ಹುದುಗಿವೆ. ಗ್ರಂಥಾಲಯದ ಕ್ಯಾಟಲಾಗು ಇಡೀ ಸಂಪುಟಕ್ಕೆ ಒಂದೇ ನಮೂದು ಮಾಡುತ್ತದೆ. ಒಳಗಿರುವ ನಲವತ್ತು ಐವತ್ತು ಲೇಖನಗಳಿಗೆ ಹೆಸರೇ ಇರುವುದಿಲ್ಲ.

ತಾಂತ್ರಿಕವಾಗಿ ಎರಡು ತೊಂದರೆಗಳಿವೆ. ಯುನಿಕೋಡ್ ಬಳಕೆ ಹರಡುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಳಗೆ ‘ಉಬ್ರಾಣಿ’ ಎಂಬ ಹೆಸರು ಎಷ್ಟು ಸಲ ಬಂದಿದ್ದರೂ ಹುಡುಕಾಟಕ್ಕೆ ಸಿಗದು. ಎರಡನೆಯದು ವಿದೇಶದ ಕ್ಯಾಟಲಾಗುಗಳದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮಲ್ಲಿ ಕಣ್ಮರೆಯಾದ ಕನ್ನಡ ಪುಸ್ತಕ ಅಲ್ಲಿ ಸುರಕ್ಷಿತವಾಗಿರುವುದುಂಟು. ಆದರೆ ಅಲ್ಲಿ ಅದು ಚುಕ್ಕೆ, ಗೆರೆಗಳ ರೋಮನ್ ಲಿಪ್ಯಂತರದಲ್ಲಿದೆ. ಕನ್ನಡ ಶೀರ್ಷಿಕೆಯನ್ನು ಆ ಕ್ರಮದಲ್ಲಿ ಬರೆಯಲು ಕಲಿತರೆ ವರ್ಲ್ಡ್‌ಕ್ಯಾಟ್‌ನಂಥ ಜಾಗತಿಕ ಕ್ಯಾಟಲಾಗು ನಮಗೂ ತೆರೆಯುತ್ತದೆ.

ಗುಣಮಟ್ಟದ ಬಗ್ಗೆ ಒಂದೆರಡು ಮಾತು. ಯುಜಿಸಿ ತನ್ನ ‘ಕೇರ್’ ಪತ್ರಿಕಾಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಲೇಖನವನ್ನು ನಂಬುವ ಕಾಲ ಹೋಯಿತು. ಸಂಪಾದಕ ಮಂಡಳಿ ಯಾವುದು, ತಜ್ಞರ ಪರಿಶೀಲನೆ ಆಗಿದೆಯೇ, ಶಾಸನ ಮತ್ತು ಚಿತ್ರಗಳ ಆಧಾರ ಕೊಟ್ಟಿದ್ದಾರೆಯೇ ಎಂದು ಓದುಗನೇ ತೂಗಬೇಕು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಇಲ್ಲದ ಲೇಖನಕ್ಕೆ ಹೆಸರು, ಸಂಪುಟ, ಪುಟಸಂಖ್ಯೆಗಳನ್ನು ಕಟ್ಟಿ ಕೊಡುವುದುಂಟು. ಪುಟವನ್ನು ಕಣ್ಣಾರೆ ನೋಡದೆ ಯಾವುದನ್ನೂ ಅಡಿಟಿಪ್ಪಣಿಗೆ ಇಳಿಸಬೇಡಿ.

7. ಇಲ್ಲಿ ಮಾಡಬಹುದಾದ ಕೆಲಸ

ಲೈಡನ್ನಿನವರು 1928ರಲ್ಲಿ ಇಡೀ ಭಾರತಕ್ಕೆ ಮಾಡಿದ ಕೆಲಸವನ್ನು ನಾವು ನಾಲ್ಕು ತಾಲ್ಲೂಕುಗಳಿಗೆ ಮಾಡಲಾರೆವೇ? ನನ್ನ ಸಲಹೆ ಇದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಒಂದು ಕಲಾ ಇತಿಹಾಸ ಲೇಖನಸೂಚಿ ಸಿದ್ಧವಾಗಲಿ. ಪ್ರತಿ ಊರಿಗೆ ಒಂದು ನಮೂದು. ಅದರಲ್ಲಿ ಊರಿನ ಹೆಸರು ಕನ್ನಡದಲ್ಲಿ, ಅದರ ಎಲ್ಲ ರೋಮನ್ ಕಾಗುಣಿತಗಳು, 1997ಕ್ಕೆ ಮೊದಲಿನ ತಾಲ್ಲೂಕು ಮತ್ತು ಜಿಲ್ಲೆ, ಹಳೆಯ ಹಾಗೂ ಹೊಸ ಆವೃತ್ತಿಯ ಶಾಸನಸಂಖ್ಯೆ, ಪುರಾತತ್ವ ವರದಿಯ ವರ್ಷ ಮತ್ತು ಪುಟ, ಇಂಗ್ಲಿಷ್ ಲೇಖನಗಳು, ಕನ್ನಡ ಲೇಖನಗಳು, ಅಭಿನಂದನ ಗ್ರಂಥಗಳಲ್ಲಿರುವ ಲೇಖನಗಳು. ಎಲ್ಲವೂ ಯುನಿಕೋಡಿನಲ್ಲಿ.

ಇದಕ್ಕೆ ಬೇಕಾದ ಕೈಗಳು ಹತ್ತಿರದಲ್ಲೇ ಇವೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯವೂ ದೃಶ್ಯಕಲಾ ಮಹಾವಿದ್ಯಾಲಯವೂ ಇವೆ. ಒಬ್ಬೊಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಒಂದೊಂದು ಹೋಬಳಿಯನ್ನು ಕಿರುಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಲಿ. ಗ್ರಂಥಪಾಲಕರು ನಮೂದುಗಳನ್ನು ತಾಳೆ ನೋಡಲಿ. ಶಾಲೆಯ ಮೇಷ್ಟ್ರು, ದೇವಸ್ಥಾನದ ಸಮಿತಿಯವರು ತಮ್ಮ ಬಳಿಯಿರುವ ಸ್ಮರಣ ಸಂಚಿಕೆಗಳನ್ನು ತೋರಿಸಲಿ. ಈ ದತ್ತಿಯ ಒಂದು ವರ್ಷದ ಬಡ್ಡಿಯನ್ನು ಆ ಸೂಚಿಯ ಮುದ್ರಣಕ್ಕೆ ಮೀಸಲಿಡುವುದಾದರೆ ನನ್ನ ಇಂದಿನ ಗೌರವಧನವನ್ನೂ ಅದಕ್ಕೇ ಸೇರಿಸಿಕೊಳ್ಳಬೇಕೆಂದು ಸಂಘಟಕರನ್ನು ಕೋರುತ್ತೇನೆ.

ಮೊದಲ ಕಂತು ಉಬ್ರಾಣಿ ಹೋಬಳಿಯದಾಗಲಿ. ಮುಂದಿನ ವರ್ಷ ಇಲ್ಲಿ ಮಾತಾಡಲು ಬರುವವರ ಕೈಗೆ ಆ ಪಟ್ಟಿಯನ್ನು ಕೊಟ್ಟು, ಬಿಟ್ಟುಹೋದದ್ದನ್ನು ಸೇರಿಸಿ, ತಪ್ಪಿದ್ದನ್ನು ತಿದ್ದಿ ಎಂದು ಕೇಳಿರಿ.